ಕೇರುವ ಕೈ ಮೆತ್ತಗಿರಲಿ

ವಿಶಾಖಪಟ್ಟಣದ ಸಿಂಹಾಚಲ ಬೆಟ್ಟದ ನರಸಿಂಹಸ್ವಾಮಿಗೆ ಗಂಡು ಕರು ಒಪ್ಪಿಸುವ ಹರಕೆ ಬಹಳ ಹಳೆಯದು. ಹೀಗೆ ಒಪ್ಪಿಸುವ ಕರುವನ್ನು ತೆಲುಗಿನವರು ಕೋಡೆದೂಡ ಎನ್ನುತ್ತಾರೆ. ಒಂದು ಕಾಲಕ್ಕೆ ಬೆಟ್ಟಕ್ಕೆ ಬರುತ್ತಿದ್ದುದು ನಾಟಿ ಹೋರಿಗರುಗಳು. ಜೆರ್ಸಿ ಮಿಶ್ರತಳಿ ಕೊಟ್ಟಿಗೆಗೆ ಬಂದ ಮೇಲೆ ಹಾಲೂ ಕೊಡದ, ನೊಗಕ್ಕೂ ಒಗ್ಗದ ಗಂಡು ಕರುಗಳೂ ದೇವರ ಪಾಲಾಗತೊಡಗಿದವು. ಗೋಶಾಲೆಗೆ ಹೊರೆಯಾಗಿ ಕರುಗಳು ಸತ್ತ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಬಂದದ್ದುಂಟು. ರೈತನದು ಭಕ್ತಿಯೂ ಹೌದು, ಬೇರೆ ದಾರಿ ಕಾಣದೆ ಮಾಡಿದ ಕೆಲಸವೂ ಹೌದು.

ನಮ್ಮ ಊರುಗಳ ಕಥೆಯೂ ಬೇರೆಯಲ್ಲ. ಹಾಸನ, ಮಂಡ್ಯ, ಕೋಲಾರದ ಕಡೆ ಎಚ್‌.ಎಫ್‌. ಹಸು ಗಂಡು ಕರು ಹಾಕಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಉಳುಮೆಗೆ ಟ್ರ್ಯಾಕ್ಟರು, ಟಿಲ್ಲರು ಬಂದು ಎಷ್ಟೋ ವರ್ಷಗಳಾದವು. ಆ ಕರುವಿಗೆ ಹಾಲು ಕುಡಿಸಿದರೆ ಡೇರಿಗೆ ಹಾಕುವ ಹಾಲು ಕಡಿಮೆ, ಕುಡಿಸದಿದ್ದರೆ ಪಾಪ. ಮಾರೋಣವೆಂದರೆ ಕೊಳ್ಳುವವರಿಲ್ಲ. ಕೊನೆಗೆ ಅದು ಎಲ್ಲಿಗೆ ಹೋಯಿತೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಇದಕ್ಕೆ ಉತ್ತರವೆಂದು ಸರ್ಕಾರವೂ ಹಾಲು ಒಕ್ಕೂಟಗಳೂ ಈಗ ತೋರಿಸುತ್ತಿರುವುದು ಲಿಂಗ ನಿರ್ಧರಿತ ವೀರ್ಯ ನಳಿಕೆಯನ್ನು. ಹೋರಿಯ ವೀರ್ಯದಲ್ಲಿ ಹೆಣ್ಣು ಕರು ಕೊಡುವ ವೀರ್ಯಾಣುಗಳನ್ನು ಒಂದೊಂದಾಗಿ ಗುರುತಿಸಿ, ಗಂಡು ಕರು ಕೊಡುವವನ್ನು ಬೇರ್ಪಡಿಸಿ, ಬೇಕಾದ್ದನ್ನು ನಳಿಕೆಗೆ ತುಂಬಿ ಹೆಪ್ಪುಗಟ್ಟಿಸಿ ಹಳ್ಳಿಗೆ ಕಳಿಸುವ ವಿದ್ಯೆ ಇದು. ನಮ್ಮ ಅವ್ವಂದಿರು ಮೊರದಲ್ಲಿ ಕಾಳು, ಜೊಳ್ಳು ಕೇರುತ್ತಿದ್ದ ಹಾಗೆಯೇ ಎನ್ನಬಹುದು. ಆದರೆ ಇಲ್ಲಿ ಕಾಳೂ ಜೊಳ್ಳೂ ನೋಡಲು ಒಂದೇ ಥರ, ಎರಡಕ್ಕೂ ಜೀವವಿದೆ, ಕೇರಿದ ಮೇಲೂ ಕಾಳಿನ ಜೀವ ಉಳಿದಿರಬೇಕು.

ನಾನು ಚನ್ನರಾಯಪಟ್ಟಣದ ಕಡೆಯವನು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಉಪಕರಣ ತಯಾರಿಕೆಯಲ್ಲಿ ಎಂಜಿನಿಯರ್. ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವ ಹರಿಸುವ ಚಿಪ್‌ಗಳ ಸುತ್ತಲೇ ನನ್ನ ದಿನ ಕಳೆಯುತ್ತದೆ. ಊರಿನಲ್ಲಿ ಅಣ್ಣ ಹಸು ಕಟ್ಟಿದ್ದಾನೆ. ಹಾಗಾಗಿ ಈ ವಿಷಯವನ್ನು ಎರಡೂ ತುದಿಯಿಂದ ನೋಡುವ ಅವಕಾಶ ನನಗಿದೆ. ಎರಡನ್ನೂ ಕೂಡಿಸಿ ನೋಡಿದಾಗ ನನಗನ್ನಿಸುವುದು ಇಷ್ಟು: ಈ ತಂತ್ರಜ್ಞಾನವನ್ನು ನಾವು ತಪ್ಪು ಅಳತೆಗೋಲಿನಿಂದ ಅಳೆಯುತ್ತಿದ್ದೇವೆ. ಎಷ್ಟು ಶುದ್ಧವಾಗಿ ಕೇರಿತು, ಎಷ್ಟು ಬೇಗ ಕೇರಿತು ಎಂದು ಕೇಳುತ್ತೇವೆ. ಎಷ್ಟು ಮೆತ್ತಗೆ ಕೇರಿತು ಎಂದು ಕೇಳುವುದಿಲ್ಲ. ರೈತನ ಲಾಭ, ನಷ್ಟ ಎರಡೂ ನಿಂತಿರುವುದು ಆ ಕೊನೆಯ ಪ್ರಶ್ನೆಯ ಮೇಲೆ.

ನೂರಕ್ಕೆ ನಾಲ್ಕೂ ಇಲ್ಲದ ವ್ಯತ್ಯಾಸ

ಹೆಣ್ಣು ಕರು ಕೊಡುವ ವೀರ್ಯಾಣುವಿನಲ್ಲಿ ಎಕ್ಸ್ ಕ್ರೋಮೋಸೋಮ್ ಇರುತ್ತದೆ, ಗಂಡು ಕರು ಕೊಡುವುದರಲ್ಲಿ ವೈ. ಎಕ್ಸ್ ದೊಡ್ಡದು. ದನದ ಜಾತಿಯಲ್ಲಿ ಎಕ್ಸ್ ಹೊತ್ತ ವೀರ್ಯಾಣುವಿನ ಡಿಎನ್‌ಎ ಇನ್ನೊಂದಕ್ಕಿಂತ ಸುಮಾರು ಶೇ 3.8ರಷ್ಟು ಹೆಚ್ಚು. ನಂಬಿಕೊಳ್ಳಬಹುದಾದ ವ್ಯತ್ಯಾಸ ಅದೊಂದೇ. ಡಿಎನ್‌ಎಗೆ ಅಂಟುವ ಬಣ್ಣವೊಂದನ್ನು ಸೇರಿಸಿ ಅತಿನೇರಳೆ ಲೇಸರ್ ಬೆಳಕು ಹಾಯಿಸಿದರೆ ವೀರ್ಯಾಣು ನೀಲಿಯಾಗಿ ಹೊಳೆಯುತ್ತದೆ. ಎಕ್ಸ್ ಇದ್ದದ್ದು ಒಂದು ಚೂರು ಹೆಚ್ಚು ಹೊಳೆಯುತ್ತದೆ. ಆ ಒಂದು ಚೂರನ್ನು, ಸೆಕೆಂಡಿಗೆ ಸಾವಿರಾರು ವೀರ್ಯಾಣುಗಳು ಹಾದುಹೋಗುವಾಗ, ಯಂತ್ರ ಹಿಡಿಯಬೇಕು.

ಇನ್ನೊಂದು ತೊಡಕಿದೆ. ಹೋರಿಯ ವೀರ್ಯಾಣುವಿನ ತಲೆ ಉಂಡೆಯಾಗಿಲ್ಲ, ಕುಂಬಳ ಬೀಜದ ಹಾಗೆ ಚಪ್ಪಟೆ. ಅಂಚು ಕಂಡರೆ ಒಂದು ಹೊಳಪು, ಮೈ ಕಂಡರೆ ಇನ್ನೊಂದು ಹೊಳಪು. ಹೀಗಾಗಿ ಪ್ರತಿಯೊಂದೂ ಲೇಸರ್ ಮುಂದೆ ಒಂದೇ ಮಗ್ಗುಲಲ್ಲಿ ಹಾಯುವಂತೆ ನೋಡಿಕೊಳ್ಳಬೇಕು. ಒಂದೇ ಸಾಲಿನಲ್ಲಿ, ಒಂದೇ ಮುಖವಾಗಿ, ಒಂದರ ಹಿಂದೊಂದು. ಸಂತೆಯಿಂದ ಬರುವ ಕುರಿಮಂದೆಯನ್ನು ಓಣಿಯಲ್ಲಿ ಸಾಲು ಹಿಡಿಸಿದವರಿಗೆ ಈ ಕಷ್ಟ ಅರ್ಥವಾದೀತು.

ಜೀವಕೋಶಗಳನ್ನು ಎಣಿಸುವ, ಆರಿಸುವ ವಿದ್ಯೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅಮೆರಿಕದ ವಾಲೇಸ್ ಕೋಲ್ಟರ್ ರಕ್ತಕಣ ಎಣಿಸುವ ತತ್ವಕ್ಕೆ ಪೇಟೆಂಟ್ ಪಡೆದದ್ದು 1953ರಲ್ಲಿ. ಕೋಶಗಳನ್ನು ಹನಿಗಳೊಳಗೆ ಸೇರಿಸಿ, ಹನಿಗೆ ವಿದ್ಯುದಾವೇಶ ಕೊಟ್ಟು, ಎಡಕ್ಕೋ ಬಲಕ್ಕೋ ಬಾಗಿಸಿ ಬೇರ್ಪಡಿಸುವ ಯಂತ್ರವನ್ನು ಲಾಸ್ ಅಲಮೋಸ್‌ನ ಮ್ಯಾಕ್ ಫುಲ್‌ವೈಲರ್ 1965ರಲ್ಲಿ ತೋರಿಸಿದರು. ಅದೇ ದಾರಿಯಲ್ಲಿ ಮುಂದುವರಿದು, ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ಲಾರೆನ್ಸ್ ಜಾನ್ಸನ್ ಮತ್ತು ಸಂಗಡಿಗರು ಬೇರ್ಪಡಿಸಿದ ವೀರ್ಯದಿಂದ ಜೀವಂತ ಮೊಲದ ಮರಿಗಳು ಹುಟ್ಟಿದ್ದನ್ನು 1989ರಲ್ಲಿ ಪ್ರಕಟಿಸಿದರು. ಇಂದಿನ ಹಸುವಿನ ನಳಿಕೆಯ ಮೂಲ ಆ ಮೊಲದ ಮರಿಗಳಲ್ಲಿದೆ.

ಆದರೆ ಆ ದಾರಿ ವೀರ್ಯಾಣುವಿಗೆ ಕಠಿಣ. ಮೊದಲು ಬಣ್ಣ ಹಾಕಿ ಬೆಚ್ಚಗಿಡುತ್ತಾರೆ. ಆಮೇಲೆ ಒತ್ತಡ ಹಾಕಿ ಸೂಜಿಬಾಯಿಯಿಂದ ಚಿಮ್ಮಿಸುತ್ತಾರೆ. ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ನಡುವೆ ಲೇಸರ್, ಆಮೇಲೆ ವಿದ್ಯುತ್ ಫಲಕಗಳ ನಡುವಿನ ಹಾದಿ, ಕೊನೆಗೆ ಕೊಳವೆಯ ತಳಕ್ಕೆ ಬಂದು ಬೀಳುವ ಪೆಟ್ಟು. ತೆಳುವಾಗಿರುವ ದ್ರವವನ್ನು ಮತ್ತೆ ಗಟ್ಟಿ ಮಾಡಲು ಗಿರಗಿರನೆ ತಿರುಗಿಸುವುದು ಬೇರೆ. ಇಷ್ಟೆಲ್ಲ ಆದಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗುವುದು. ಕೊಲೊರಾಡೊ ವಿಜ್ಞಾನಿಗಳು ಯಂತ್ರದ ಒತ್ತಡವನ್ನು 50 ಪಿಎಸ್‌ಐಯಿಂದ 40ಕ್ಕೆ ಇಳಿಸಿ ನೋಡಿದಾಗ ವೀರ್ಯಾಣುಗಳಿಗಾಗುವ ಹಾನಿ ಕಡಿಮೆಯಾಯಿತು. ಹೊಸ ಯಂತ್ರ ಬೇಕಾಗಲಿಲ್ಲ, ಕೈ ಸ್ವಲ್ಪ ಸಡಿಲ ಬಿಟ್ಟರೆ ಸಾಕಾಯಿತು.

ಚಿಪ್ ಬಂದದ್ದು ಏಕೆ

ಇಲ್ಲಿಯೇ ಚಿಪ್‌ಗೆ ಬೆಲೆ ಬರುವುದು. ನೀರು ಅಗಲವಾದ ಹೊಳೆಯಲ್ಲಿ ಹರಿಯುವಾಗ ಸುಳಿಯುತ್ತದೆ, ಮಗುಚುತ್ತದೆ. ಕೂದಲೆಳೆಯಷ್ಟು ಕಿರಿದಾದ ಕಾಲುವೆಯಲ್ಲಿ ಅದೇ ನೀರು ಶಿಸ್ತಾಗಿ ಪದರ ಪದರವಾಗಿ ಹರಿಯುತ್ತದೆ. ಪಕ್ಕಪಕ್ಕದಲ್ಲಿ ಹರಿಯುವ ಎರಡು ಧಾರೆಗಳು ಸುಲಭವಾಗಿ ಬೆರೆಯುವುದಿಲ್ಲ. ಮಧ್ಯದ ಧಾರೆಯಲ್ಲಿ ವೀರ್ಯಾಣುಗಳನ್ನು ಬಿಟ್ಟು, ಎರಡೂ ಬದಿಯಿಂದ ಶುದ್ಧ ದ್ರವದ ಧಾರೆಗಳು ಮೆಲ್ಲಗೆ ಅದುಮಿದರೆ, ಮಧ್ಯದ್ದು ದಾರದಂತೆ ತೆಳುವಾಗುತ್ತದೆ. ವೀರ್ಯಾಣುಗಳು ತಾವಾಗಿ ಸಾಲುಗಟ್ಟುತ್ತವೆ, ಚಪ್ಪಟೆ ತಲೆ ಒಂದು ಮಗ್ಗುಲಿಗೆ ತಿರುಗುತ್ತದೆ. ಗೋಡೆಗೆ ಉಜ್ಜುವುದೂ ಕಡಿಮೆ.

ಅಲ್ಲಿಂದ ಮುಂದೆ ಒಂದು ಜಾಣ ವಿಧಾನವಿದೆ. ಬೇಕಾದ್ದನ್ನು ಎತ್ತಿ ಬೇರೆ ಕಡೆ ಹಾಕುವ ಬದಲು, ಬೇಡವಾದ್ದನ್ನು ಎರಡನೆಯ ಲೇಸರ್‌ನಿಂದ ಹೊಡೆದು ನಿಷ್ಕ್ರಿಯಗೊಳಿಸುವುದು. ಬೇಕಾದ ವೀರ್ಯಾಣುವಿಗೆ ವಿದ್ಯುತ್ತಿನ ತಳ್ಳಾಟವಿಲ್ಲ, ಹನಿಯಾಗಿ ಚಿಮ್ಮುವ ಕಷ್ಟವಿಲ್ಲ. ಅದು ತನ್ನ ಪಾಡಿಗೆ ಹರಿದುಹೋಗುತ್ತದೆ. ಅಂತರರಾಷ್ಟ್ರೀಯ ತಳಿ ಸಂಸ್ಥೆ ಜೀನಸ್ 2017ರಲ್ಲಿ ಮಾರುಕಟ್ಟೆಗೆ ತಂದ ತಂತ್ರ ಈ ಬಗೆಯದು.

ಬೆಳಕಿನ ಬಗ್ಗೆ ಒಂದು ಮಾತು. 1980ರ ದಶಕದಲ್ಲಿ ಆರ್ಥರ್ ಆಶ್ಕಿನ್ ಲೇಸರ್ ಬೆಳಕಿನಿಂದಲೇ ಸೂಕ್ಷ್ಮಜೀವಿಗಳನ್ನು ಹಿಡಿದು ನಿಲ್ಲಿಸುವ ‘ಬೆಳಕಿನ ಚಿಮಟ’ ಮಾಡಿದಾಗ, ಹಸಿರು ಬೆಳಕಿನಲ್ಲಿ ಹಿಡಿದ ಬ್ಯಾಕ್ಟೀರಿಯಾ ಸತ್ತುಹೋಗುತ್ತಿದ್ದವು. ಅವರು ಅವಕೆಂಪು ಬೆಳಕಿಗೆ ಬದಲಾಯಿಸಿದರು. ಹಿಡಿತ ಹಾಗೇ ಉಳಿಯಿತು, ಜೀವಿಯೂ ಉಳಿದು ಅಲ್ಲೇ ಮರಿ ಮಾಡಿತು. 2018ರಲ್ಲಿ ಅವರಿಗೆ ನೊಬೆಲ್ ಬಂತು. ಹಿಡಿಯುವುದಷ್ಟೇ ಸಾಧನೆಯಾಗಿದ್ದರೆ ಹಸಿರು ಬೆಳಕೇ ಸಾಕಿತ್ತು.

ಭಾರತದಲ್ಲಿ ಈ ಕೆಲಸಕ್ಕೆ ನಮ್ಮ ಬೆಂಗಳೂರಿನ ನಂಟಿದೆ ಎಂಬುದು ಹೊರರಾಜ್ಯದಲ್ಲಿರುವ ನಮಗೆ ಹೆಮ್ಮೆಯ ಸಂಗತಿ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ಅಂಗಸಂಸ್ಥೆ ಎನ್‌ಡಿಡಿಬಿ ಡೇರಿ ಸರ್ವಿಸಸ್, ಬೆಂಗಳೂರಿನ ಜೀವಾ ಸೈನ್ಸಸ್ ಜತೆಗೂಡಿ ದೇಶೀ ತಂತ್ರಜ್ಞಾನಕ್ಕೆ ಕೈಹಾಕಿತು. ಆ ವೀರ್ಯದಿಂದ ಚೆನ್ನೈ ಬಳಿ 2020ರಲ್ಲಿ ಹೆಣ್ಣು ಕರು ಹುಟ್ಟಿತು. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ದೇಶೀ ಲಿಂಗ ನಿರ್ಧರಿತ ವೀರ್ಯ ತಂತ್ರಜ್ಞಾನವನ್ನು ಬಿಡುಗಡೆ ಮಾಡಿದರು. ಒಂದು ಡೋಸ್‌ಗೆ ಸುಮಾರು 200 ರೂಪಾಯಿ ಇಳಿಯುತ್ತದೆ ಎಂದು ಸರ್ಕಾರ ಆಗ ಹೇಳಿತು. ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ ಬೆಲೆಯ ಅರ್ಧದವರೆಗೆ ಸಹಾಯಧನವೂ ಇದೆ.

ಬೆಂಗಳೂರಿನಲ್ಲಿ ಹುಟ್ಟಿದ ಚಿಪ್ ವಿಶಾಖಪಟ್ಟಣಕ್ಕೆ ಬರುವ ದಾರಿ ಹೊಸದೇನಲ್ಲ. ಕ್ಷಯ ಪತ್ತೆಗೆ ದೇಶದಾದ್ಯಂತ ಬಳಸುವ ಟ್ರೂನ್ಯಾಟ್ ಪರೀಕ್ಷೆಯ ಸಂಶೋಧನೆ ನಡೆದದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಅದನ್ನು ತಯಾರಿಸುವ ಮೋಲ್‌ಬಯೊ ಕಂಪನಿಯ ಘಟಕ ಗೋವಾದಲ್ಲಿರುವಂತೆ ವಿಶಾಖಪಟ್ಟಣದಲ್ಲೂ ಇದೆ. ಉಕ್ಕಿನ ಕಾರ್ಖಾನೆಯ ಪಕ್ಕದ ಆಂಧ್ರಪ್ರದೇಶ ಮೆಡ್‌ಟೆಕ್ ಝೋನ್ 2016ರಲ್ಲಿ ಶುರುವಾದ ಮೇಲೆ ಇಂಥ ಕೆಲಸಕ್ಕೆ ಇಲ್ಲಿ ನೆಲೆ ಸಿಕ್ಕಿತು. ಕನ್ನಡದ ಹುಡುಗ ಹುಡುಗಿಯರೂ ಇಲ್ಲಿಗೆ ಕೆಲಸಕ್ಕೆ ಬಂದರು.

ಆದರೆ ಎರಡು ಚಿಪ್‌ಗಳ ನಡುವೆ ದೊಡ್ಡ ಅಂತರವಿದೆ. ರೋಗ ಪತ್ತೆಯ ಚಿಪ್‌ಗೆ ಕೋಶ ಬದುಕಬೇಕಾಗಿಲ್ಲ. ಅದನ್ನು ಒಡೆದು ಡಿಎನ್‌ಎ ತೆಗೆದರೇನೇ ಉತ್ತರ ಸಿಗುವುದು. ಅಲ್ಲಿ ‘ಸರಿಯಾಗಿ ಹೇಳಿತೇ’ ಎಂಬುದೇ ಪ್ರಶ್ನೆ. ಕೇರುವ ಚಿಪ್‌ಗೆ ಕೋಶ ಬದುಕಿ, ಈಜಿ, ತನ್ನ ಕೆಲಸ ಮುಗಿಸಬೇಕು. ಅಲ್ಲಿ ‘ಆಮೇಲೆ ಏನಾಯಿತು’ ಎಂಬುದು ಪ್ರಶ್ನೆ. ಮೊದಲನೆಯದರಲ್ಲಿ ಪಳಗಿದ ನಾವು ಎರಡನೆಯದಕ್ಕೂ ಅದೇ ಅಳತೆಪಟ್ಟಿ ಹಿಡಿದು ಹೊರಟಿದ್ದೇವೆ. ನಾನು ನೋಡಿದ ಒಂದು ಮಾರಾಟ ಪ್ರದರ್ಶನದಲ್ಲಿ ಶುದ್ಧತೆಗೆ, ವೇಗಕ್ಕೆ ಒಂದೊಂದು ಪುಟವಿತ್ತು. ಹೆಪ್ಪು ಕರಗಿಸಿದ ಮೂರು ಗಂಟೆಯ ನಂತರ ಎಷ್ಟು ಜೀವಂತ ಎಂದು ಕೇಳಿದವನಿಗೆ ‘ಆಮೇಲೆ ಇ-ಮೇಲ್ ಮಾಡುತ್ತೇವೆ’ ಎಂಬ ಉತ್ತರ ಸಿಕ್ಕಿತು.

ತೊಂಬತ್ತರ ಲೆಕ್ಕ

ಈಚೆಗೆ ಅಣ್ಣ ಫೋನ್ ಮಾಡಿದ್ದ. “ಲೋ, ತೊಂಬತ್ತು ಪರ್ಸೆಂಟ್ ಅಂತೆ ಕಣೋ. ಹತ್ತು ಹಸುಗೆ ಹಾಕ್ಸಿದ್ರೆ ಒಂಬತ್ತು ಹೆಣ್ಗರು ಗ್ಯಾರಂಟಿನಾ?” ಎಂದ. “ಹಾಕ್ಸಿದ್ ಹತ್ತರಲ್ಲಲ್ಲಣ್ಣ, ಗಬ್ಬ ನಿಂತ ಹತ್ತರಲ್ಲಿ ಒಂಬತ್ತು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಯಾರೂ ಹೇಳ್ಲೇ ಇಲ್ವಲ್ಲೋ” ಎಂದ.

ಯಾರೂ ಸುಳ್ಳು ಹೇಳಿಲ್ಲ, ನಿಜ. ಹುಟ್ಟುವ ಕರುಗಳಲ್ಲಿ ಶೇ 90ರವರೆಗೆ ಹೆಣ್ಣು ಎಂದೇ ಸರ್ಕಾರದ ಪ್ರಕಟಣೆಗಳು ಹೇಳುತ್ತವೆ. ಆದರೆ ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ ಎಂಬುದು ಜಗತ್ತಿನೆಲ್ಲೆಡೆ ಕಂಡ ಸಂಗತಿ. ಸಾಮಾನ್ಯ ನಳಿಕೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ, ಕೇರಿದ ನಳಿಕೆಯಲ್ಲಿ ಇರುವುದು ಸುಮಾರು 20 ಲಕ್ಷ. ಹತ್ತರಲ್ಲಿ ಒಂದು ಪಾಲು. ಇರುವ ಆ ಒಂದು ಪಾಲೂ ಪೆಟ್ಟು ತಿಂದು ಬಂದಿದ್ದರೆ?

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. ಒಂದು ಹೋಬಳಿಯಲ್ಲಿ ನೂರು ಹಸುಗಳಿಗೆ ಸಾಮಾನ್ಯ ವೀರ್ಯ ಹಾಕಿಸಿದರೆ 40 ಗಬ್ಬ ನಿಂತವು ಎನ್ನಿ. 20 ಹೆಣ್ಣು, 20 ಗಂಡು. ಮೆತ್ತಗೆ ಕೇರಿದ ವೀರ್ಯದಿಂದ 30 ನಿಂತವು ಎನ್ನಿ. 27 ಹೆಣ್ಣು, 3 ಗಂಡು. ಒಳ್ಳೆಯದೇ ಆಯಿತು. ಒರಟಾಗಿ ಕೇರಿದ ವೀರ್ಯದಿಂದ 20 ಮಾತ್ರ ನಿಂತರೆ? 18 ಹೆಣ್ಣು. ಶುದ್ಧತೆ ಎರಡರಲ್ಲೂ ಅದೇ ತೊಂಬತ್ತು. ಆದರೆ ಎರಡನೆಯದರಲ್ಲಿ ಸಾಮಾನ್ಯ ವೀರ್ಯಕ್ಕಿಂತ ಎರಡು ಹೆಣ್ಣು ಕರು ಕಡಿಮೆ. ಜತೆಗೆ 40 ಹಸು ಕರು ಹಾಕಿ ಹಾಲಿಗೆ ಬರಬೇಕಿದ್ದ ಕಡೆ ಬಂದದ್ದು 20. ಹೆಚ್ಚು ದುಡ್ಡು ಕೊಟ್ಟು ನಷ್ಟ ಕೊಂಡಂತಾಯಿತು.

ಬೆದೆ ತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಆ 21 ದಿನವೂ ಮೇವು, ಹಿಂಡಿ, ಆಳು ಎಲ್ಲ ನಡೆಯಲೇಬೇಕು. ಎರಡು ಸಲ ತಪ್ಪಿದರೆ ಒಂದೂವರೆ ತಿಂಗಳು. ನಾಲ್ಕು ಹಸು ಕಟ್ಟಿದವನಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ‘ಶೇ 90’ ಎಂದು ದಪ್ಪಕ್ಷರದಲ್ಲಿ ಬರೆದು, ಗಬ್ಬ ನಿಲ್ಲುವ ಪ್ರಮಾಣವನ್ನು ಬರೆಯದೇ ಬಿಡುವುದು ಅರ್ಧ ಸತ್ಯ. ಚಿಪ್‌ನ ಒಳಗಿನ ಮೆತ್ತನೆ ರೈತನಿಗೆ ಕಾಣುವುದು ಆ ಬರೆಯದೇ ಬಿಟ್ಟ ಅಂಕಿಯಲ್ಲೇ.

ವಿಜಯವಾಡದ ಬೇಸಿಗೆ

ಕೆಲಸದ ಮೇಲೆ ವಿಜಯವಾಡಕ್ಕೆ ಆಗಾಗ ಹೋಗಬೇಕಾಗುತ್ತದೆ. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 350 ಕಿಲೋಮೀಟರ್. ಆಂಧ್ರದ ಪಶುಸಂಗೋಪನಾ ಇಲಾಖೆಯ ಕೇಂದ್ರ ಕಚೇರಿ ಅಲ್ಲಿದೆ. ಕೃಷ್ಣಾ ಹಾಲು ಒಕ್ಕೂಟವೂ ಅಲ್ಲಿನದೇ. ಪಕ್ಕದ ಗನ್ನವರಂನಲ್ಲಿ ಪಶುವೈದ್ಯ ಕಾಲೇಜಿದೆ. ನಮ್ಮ ಹಾಸನ, ಮಂಡ್ಯದ ಹಾಗೆ ಇಲ್ಲಿ ಹಸುವಿನದೇ ರಾಜ್ಯಭಾರವಲ್ಲ. ಕೃಷ್ಣಾ ತೀರದಲ್ಲಿ ಮುರ‍್ರಾ ತಳಿಯ ಎಮ್ಮೆಗಳದ್ದು ದೊಡ್ಡ ಪಾಲು.

ಎಮ್ಮೆಯ ವಿಷಯದಲ್ಲಿ ಮೆತ್ತನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮೂಕ ಬೆದೆ. ಕೂಗುವುದಿಲ್ಲ, ತೋರಿಸಿಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು 44 ಡಿಗ್ರಿ ದಾಟುವುದುಂಟು. ಆ ಸೆಕೆಯಲ್ಲಿ ದನವೋ ಎಮ್ಮೆಯೋ ಗಬ್ಬ ನಿಲ್ಲುವುದೇ ಕಷ್ಟ. ಅಂಥ ಹೊತ್ತಿನಲ್ಲಿ ಹತ್ತರಲ್ಲೊಂದು ಪಾಲು ವೀರ್ಯಾಣುಗಳಿರುವ ನಳಿಕೆಯನ್ನು ಹಾಕುವುದೆಂದರೆ ಬರಗಾಲದಲ್ಲಿ ಒಂದೇ ಹಿಡಿ ಬೀಜ ಬಿತ್ತಿದ ಹಾಗೆ.

ಕಂಕಿಪಾಡು ಕಡೆಯ ಒಬ್ಬ ಗೋಪಾಲಮಿತ್ರರ ಜತೆ ಒಂದು ಮಧ್ಯಾಹ್ನ ಮಾತಾಡಿದೆ. ಮನೆಮನೆಗೆ ಹೋಗಿ ಕೃತಕ ಗರ್ಭಧಾರಣೆ ಮಾಡುವವರಿಗೆ ಆಂಧ್ರದಲ್ಲಿ ಇಟ್ಟ ಹೆಸರದು. ಬೈಕಿನಲ್ಲಿ ಸಾರಜನಕದ ಜಾಡಿ, ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕು, ಥರ್ಮಾಮೀಟರು. ಜಾಡಿಯಿಂದ ತೆಗೆದ ನಳಿಕೆಯನ್ನು 35ರಿಂದ 37 ಡಿಗ್ರಿ ಬಿಸಿಯ ನೀರಿನಲ್ಲಿ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅದ್ದಿ, ಒರೆಸಿ, ಬಿಸಿಲು ತಾಗದಂತೆ ತಕ್ಷಣ ಹಾಕಬೇಕು. “ಇದು ಹಳೆಯ ನಳಿಕೆಯ ಹಾಗಲ್ಲ ಸಾರ್, ಒಂದು ನಿಮಿಷ ಆಚೀಚೆಯಾದರೂ ತಡೆಯುವುದಿಲ್ಲ” ಎಂದು ಅವರು ತೆಲುಗಿನಲ್ಲಿ ಹೇಳಿದರು. ಮೂರು ತಿಂಗಳ ಮೇಲೆ ರೈತ ಅವರನ್ನು ಕೇಳುವುದು ಒಂದೇ ಮಾತು: “ಚೂಲು ಕಟ್ಟಿಂದಾ?” ನಮ್ಮ ಸೂಲು, ಅವರ ಚೂಲು. ಭಾಷೆ ಬೇರೆಯಾದರೂ ಕೊಟ್ಟಿಗೆಯ ಪ್ರಶ್ನೆ ಅದೇ.

ಅವರ ಮಾತಿನಲ್ಲಿ ನನಗೆ ಹೊಳೆದದ್ದು, ಮೆತ್ತನೆ ಎಂಬುದು ಚಿಪ್‌ನಲ್ಲಿ ಶುರುವಾಗಿ ಚಿಪ್‌ನಲ್ಲೇ ಮುಗಿಯುವುದಲ್ಲ ಎಂಬುದು. ಲ್ಯಾಬಿನಲ್ಲಿ ಎಷ್ಟು ನಾಜೂಕಾಗಿ ಕೇರಿದರೂ ದಾರಿಯಲ್ಲಿ ಜಾಡಿಯ ಸಾರಜನಕ ಇಂಗಿದರೆ ಮುಗಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ವಿಶಾಖಪಟ್ಟಣ 2014ರ ಹುದ್‌ಹುದ್ ಚಂಡಮಾರುತವನ್ನು ಮರೆತಿಲ್ಲ. ಇಂಥ ಕರಾವಳಿಯಲ್ಲಿ ಜಾಡಿ ತುಂಬಿಸುವ ಗಾಡಿ ತಪ್ಪದೆ ಓಡುವ ವ್ಯವಸ್ಥೆಯೂ ತಂತ್ರಜ್ಞಾನದ ಒಂದು ಭಾಗವೇ. ಯಂತ್ರಕ್ಕೆ ಕೋಟಿ ಸುರಿದು ಗೋಪಾಲಮಿತ್ರರ ತರಬೇತಿಗೆ ದುಡ್ಡಿಲ್ಲ ಎಂದರೆ ಮೊರ ಚಿನ್ನದ್ದು, ಹಗೇವು ತೂತು ಎಂಬಂತಾಗುತ್ತದೆ.

ಎಲ್ಲ ಕೊಟ್ಟಿಗೆಗೂ ಇದು ಬೇಕೇ ಎಂದೂ ಕೇಳಿಕೊಳ್ಳಬೇಕು. ಕೃಷ್ಣಾ, ಗುಂಟೂರು ಕಡೆ ಒಂಗೋಲು ಎತ್ತುಗಳು ಕಲ್ಲು ಎಳೆಯುವ ಪಂದ್ಯ ಇಂದಿಗೂ ಜೋರು. ಒಳ್ಳೆಯ ಹೋರಿಗರುವಿಗೆ ಅಲ್ಲಿ ಮರ್ಯಾದೆಯಿದೆ. ನಮ್ಮ ಹಳ್ಳಿಕಾರ್ ಸಾಕುವವರೂ ಗಂಡು ಕರು ಹುಟ್ಟಿದರೆ ಹಿಗ್ಗುತ್ತಾರೆ. ಗುರಿ ತಲುಪುವ ಆತುರದಲ್ಲಿ ಅವರ ಕೈಗೂ ಇದೇ ನಳಿಕೆ ತುರುಕಬಾರದು.

ಕೇಳಬೇಕಾದ್ದು ಏನು

ಹಾಗಾದರೆ ಈ ತಂತ್ರಜ್ಞಾನ ಬೇಡವೇ? ಖಂಡಿತ ಬೇಕು. ಬೀದಿಗೆ ಬೀಳುವ ಕರುಗಳ ಸಂಖ್ಯೆ ಇಳಿಸಲು, ಹುಟ್ಟಿದ ಕರುವನ್ನು ಹಸಿವಿನಿಂದ ಸಾಯಿಸುವುದಕ್ಕಿಂತ ಹುಟ್ಟುವ ಮೊದಲೇ ಆರಿಸುವುದು ಕರುಣೆಯ ದಾರಿ. ಬೇಕಾಗಿರುವುದು ಕೊಳ್ಳುವವರು ಪ್ರಶ್ನೆ ಬದಲಿಸುವುದು.

ಸರ್ಕಾರವಿರಲಿ, ಒಕ್ಕೂಟವಿರಲಿ, ಟೆಂಡರ್ ಕರೆಯುವಾಗ ಬೆಲೆ, ಶುದ್ಧತೆಗಳ ಜತೆ ಮೂರನೆಯ ಅಂಕಣವೊಂದನ್ನು ಸೇರಿಸಲಿ: ಹೆಪ್ಪು ಕರಗಿದ ಮೇಲೆ, ದೇಹದ ಶಾಖದಲ್ಲಿ ಕೆಲವು ಗಂಟೆ ಇಟ್ಟ ಮೇಲೆ ಎಷ್ಟು ವೀರ್ಯಾಣು ಚುರುಕಾಗಿ ಈಜುತ್ತಿವೆ? ನಾಲ್ಕನೆಯದು, ಹಳ್ಳಿಯಲ್ಲಿ ಹಾಕಿದ ಪ್ರತಿ ನೂರರಲ್ಲಿ ಎಷ್ಟು ಗಬ್ಬ ನಿಂತವು? ಇದಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. ರಾಸುಗಳ ಕಿವಿಯಲ್ಲಿ 12 ಅಂಕಿಯ ಓಲೆಯಿದೆ. ಯಾವ ದಿನ ಯಾವ ಹೋರಿಯ ವೀರ್ಯ ಹಾಕಿತು, ಗಬ್ಬ ನಿಂತಿತೇ, ಏನು ಹುಟ್ಟಿತು ಎಂದು ‘ಭಾರತ್ ಪಶುಧನ್’ ವ್ಯವಸ್ಥೆಯಲ್ಲಿ ದಾಖಲಿಸಲು ಅವಕಾಶವಿದೆ. ವೀರ್ಯ ಕೇಂದ್ರವಾರು, ಜಿಲ್ಲೆವಾರು ಆ ಫಲಿತಾಂಶವನ್ನು ಕನ್ನಡದಲ್ಲಿ, ತೆಲುಗಿನಲ್ಲಿ ಪ್ರಕಟಿಸಿದರೆ ಸಾಕು. ರೈತ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಇದು ದನದ ಮಾತಷ್ಟೇ ಅಲ್ಲ. ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಅಲೆಯುವ ಗೆಡ್ಡೆಯ ಕೋಶಗಳನ್ನು ಹಿಡಿಯುವ ಚಿಪ್‌ಗಳೂ ಬಂದಿವೆ. ಒಂದು ಮಿಲಿಲೀಟರ್ ರಕ್ತದ ಐನೂರು ಕೋಟಿ ಕೆಂಪು ಕಣಗಳ ನಡುವೆ ಅಂಥವು ಕೆಲವೇ ಕೆಲವು. 2007ರಲ್ಲಿ ಬೋಸ್ಟನ್‌ನ ಮೆಹ್ಮೆತ್ ಟೋನರ್ ತಂಡ ತೋರಿಸಿದ ಚಿಪ್‌ನಲ್ಲಿ 78 ಸಾವಿರ ಸೂಕ್ಷ್ಮ ಕಂಬಗಳಿದ್ದವು. ಅವುಗಳ ನಡುವೆ ರಕ್ತವನ್ನು ಗಂಟೆಗೆ ಒಂದೆರಡು ಮಿಲಿಲೀಟರ್‌ನಂತೆ ಹರಿಸಬೇಕಿತ್ತು. ಅಷ್ಟು ನಿಧಾನ ಏಕೆಂದರೆ, ಹರಿವು ಜೋರಾದರೆ ಬೇಕಾದ ಕೋಶ ಕಂಬಕ್ಕೆ ಅಂಟದೆ ಕೈತಪ್ಪುತ್ತದೆ. ಮೆತ್ತಗೆ ಹಿಡಿದರೆ ಜೀವಂತ ಸಿಗುತ್ತದೆ, ಜೀವಂತ ಸಿಕ್ಕರೆ ಅದರ ಮೇಲೆ ಔಷಧವನ್ನೂ ಪರೀಕ್ಷಿಸಿ ನೋಡಬಹುದು. ವಿಶಾಖಪಟ್ಟಣದ ಆಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಿದೆ, ಅನತಿದೂರದಲ್ಲೇ ಉಪಕರಣ ತಯಾರಿಸುವ ಮೆಡ್‌ಟೆಕ್ ಝೋನ್ ಇದೆ. ಕೊಟ್ಟಿಗೆಯ ಚಿಪ್‌ನಲ್ಲಿ ಕಲಿತ ಮೆತ್ತನೆ ನಾಳೆ ಆಸ್ಪತ್ರೆಗೂ ಬೇಕಾದೀತು.

ದಾಟಬಾರದ ಗೆರೆ

ಮೆತ್ತನೆ ಹೆಚ್ಚಾದಷ್ಟೂ, ಬೆಲೆ ಇಳಿದಷ್ಟೂ ಇನ್ನೊಂದು ಭಯ ಹತ್ತಿರ ಬರುತ್ತದೆ. ಹೋರಿಯ ವೀರ್ಯಾಣುವನ್ನು ಕೇರಬಲ್ಲ ತಂತ್ರ ಮನುಷ್ಯರದ್ದನ್ನೂ ಕೇರಬಲ್ಲದು. ಮನುಷ್ಯರಲ್ಲಿ ಡಿಎನ್‌ಎ ವ್ಯತ್ಯಾಸ ಇನ್ನೂ ಕಡಿಮೆ, ಕೆಲಸ ಕಷ್ಟ. ಆದರೆ ಅಸಾಧ್ಯವಲ್ಲ, ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. ವಿಜಯವಾಡವಾಗಲಿ, ವಿಶಾಖಪಟ್ಟಣವಾಗಲಿ, ಬೆಂಗಳೂರಾಗಲಿ, ಬಂಜೆತನ ಚಿಕಿತ್ಸೆಯ ಬೋರ್ಡಿಲ್ಲದ ಮುಖ್ಯರಸ್ತೆ ಸಿಗುವುದಿಲ್ಲ. ಆ ಚಿಕಿತ್ಸೆಯಲ್ಲಿ ಚುರುಕಾದ ವೀರ್ಯಾಣುಗಳನ್ನು ನೋಯಿಸದೆ ಆರಿಸಲು ಚಿಪ್ ಬಳಸುವುದು ನ್ಯಾಯವಾದ ಕೆಲಸ. ಗಂಡೋ ಹೆಣ್ಣೋ ಎಂದು ಆರಿಸುವುದು ಅಪರಾಧ.

ನಮ್ಮ ಕಾನೂನು ಈ ವಿಷಯದಲ್ಲಿ ಮುಂದಾಲೋಚನೆ ಮಾಡಿದೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯನ್ನು 2003ರ ತಿದ್ದುಪಡಿ ಗರ್ಭಧಾರಣೆಗೂ ಮುಂಚಿನ ಆಯ್ಕೆಗೆ ವಿಸ್ತರಿಸಿತು. ವೀರ್ಯಾಣು, ಅಂಡಾಣುಗಳ ಮೇಲೆ ಲಿಂಗ ಆಯ್ಕೆ ನಡೆಸುವುದೂ ನಿಷಿದ್ಧ. ಆದರೆ ಕಾಯ್ದೆಯ ಬಲ ಎಷ್ಟೆಂದು ನಮಗೆ ಗೊತ್ತು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂದಾಗ ರಾಜ್ಯವೇ ತಲೆತಗ್ಗಿಸಿತು. ಕೊಟ್ಟಿಗೆಯಲ್ಲಿ ಹೆಣ್ಣು ಬೇಕು, ತೊಟ್ಟಿಲಲ್ಲಿ ಬೇಡ ಎನ್ನುವವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಆಲೆಮನೆಗೆ ಸ್ಕ್ಯಾನಿಂಗ್ ಯಂತ್ರ ನುಗ್ಗಿದ ನಾಡಿನಲ್ಲಿ, ಅಂಗೈಯಗಲದ ಚಿಪ್ ನುಗ್ಗದು ಎಂದು ಯಾವ ಧೈರ್ಯದಿಂದ ಹೇಳುವುದು? ಸ್ಕ್ಯಾನಿಂಗ್ ಯಂತ್ರಗಳಿಗೆ ನೋಂದಣಿ ಕಡ್ಡಾಯವಿರುವ ಹಾಗೆ, ವೀರ್ಯಾಣು ಕೇರುವ ಯಂತ್ರಗಳ ಮಾರಾಟ, ಸಾಗಣೆ, ದುರಸ್ತಿಗೂ ಲೆಕ್ಕವಿಡುವ ವ್ಯವಸ್ಥೆ ಈಗಲೇ ಬೇಕು. ಯಂತ್ರ ದುಬಾರಿಯಾಗಿ, ಸಂಖ್ಯೆ ಕಡಿಮೆಯಿರುವಾಗ ಇದು ಸುಲಭ. ಊರೂರಿಗೆ ಹರಡಿದ ಮೇಲೆ ಯಾರ ಕೈಗೂ ಸಿಗದು.

ನಮ್ಮ ಪಾಲಿನ ಕೆಲಸ

ಹೊರರಾಜ್ಯದಲ್ಲಿ ದುಡಿಯುವ ನಾವು ಇದರಲ್ಲಿ ಏನು ಮಾಡಬಹುದು? ನಮ್ಮಲ್ಲಿ ಚಿಪ್ ವಿನ್ಯಾಸ ಮಾಡುವವರಿದ್ದಾರೆ, ಗುಣಮಟ್ಟ ಪರೀಕ್ಷಿಸುವವರಿದ್ದಾರೆ, ಟೆಂಡರ್ ಕಾಗದ ಸಿದ್ಧಪಡಿಸುವವರಿದ್ದಾರೆ, ಆಸ್ಪತ್ರೆಗಳಿಗೆ ಯಂತ್ರ ಮಾರುವವರಿದ್ದಾರೆ. ಮುಂದಿನ ಸಲ ‘ಶುದ್ಧತೆ ಎಷ್ಟು’ ಎಂಬ ಪ್ರಶ್ನೆ ಬಂದಾಗ ‘ಬದುಕಿದ್ದು ಎಷ್ಟು’ ಎಂದು ಪಕ್ಕದಲ್ಲೇ ಕೇಳುವುದು ನಮ್ಮ ಕೈಯಲ್ಲಿದೆ. ಪರೀಕ್ಷಾ ವರದಿಯಲ್ಲಿ ಆ ಸಾಲು ಇಲ್ಲದಿದ್ದರೆ ಸಹಿ ಹಾಕದೆ ವಾಪಸು ಕಳಿಸುವುದೂ ನಮ್ಮ ಕೈಯಲ್ಲಿದೆ. ಮೊದಲು ಮುಖ ಗಂಟಿಕ್ಕಿದವರು ಆಮೇಲೆ ಆ ಸಾಲನ್ನು ತಾವೇ ಸೇರಿಸಿ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಊರಲ್ಲಿ ಹಸು ಕಟ್ಟಿದವರು ಮನೆಯಲ್ಲಿದ್ದರೆ ಅವರಿಗೆ ಮೂರು ಮಾತು ಹೇಳಿ. ತೊಂಬತ್ತು ಎಂಬುದು ಗಬ್ಬ ನಿಂತವುಗಳ ಲೆಕ್ಕ. ಆರೋಗ್ಯವಾಗಿರುವ, ಬೆದೆ ಸ್ಪಷ್ಟವಾಗಿ ತೋರುವ ಕಡಸುಗಳಿಗೆ ಮೊದಲು ಹಾಕಿಸಿ, ಸೆಕೆ ಇಳಿದ ಮೇಲೆ ಹಾಕಿಸಿ. ಯಾವ ಕೇಂದ್ರದ ನಳಿಕೆ, ಯಾವ ದಿನ ಹಾಕಿದ್ದು, ನಿಂತಿತೇ ಇಲ್ಲವೇ ಎಂದು ಹಾಲಿನ ಪಾಸ್‌ಬುಕ್ಕಿನ ಹಿಂಭಾಗದಲ್ಲಾದರೂ ಬರೆದಿಡಿ. ಹತ್ತು ಮನೆಯ ಇಂಥ ಟಿಪ್ಪಣಿ ಒಂದು ಕಡೆ ಸೇರಿದರೆ ಅದಕ್ಕಿಂತ ದೊಡ್ಡ ಪರೀಕ್ಷಾ ವರದಿ ಬೇರೆ ಬೇಕಿಲ್ಲ.

ಅಣ್ಣ ಈ ಸಲ ಎರಡು ಕಡಸುಗಳಿಗೆ ಮಾತ್ರ ಹಾಕಿಸುತ್ತೇನೆ ಎಂದಿದ್ದಾನೆ. ಉಳಿದವಕ್ಕೆ ಮಾಮೂಲಿ. ನೂರು ಪುಟದ ವರದಿಗಿಂತ ಅವನ ಈ ಲೆಕ್ಕಾಚಾರವೇ ನನಗೆ ಹೆಚ್ಚು ಸರಿ ಕಾಣುತ್ತದೆ.